ಈ ಸಲ ಊರಿಗೆ ಹೋದಾಗ ಗ್ಯಾಸ್ ಒಲೆಯತ್ತಲೂ ಒಮ್ಮೆ ನೋಡಿ

ನಗರದ ಅಡುಗೆಮನೆಯಲ್ಲಿ ನಮಗೆ ಅಭ್ಯಾಸವಾಗಿಹೋದ ಎಚ್ಚರ, ಹಳ್ಳಿ ಮನೆಗೆ ಸಿಲಿಂಡರ್ ಜೊತೆ ತಾನಾಗಿ ಹೋಗುವುದಿಲ್ಲ. ಅದನ್ನು ತಲುಪಿಸುವ ಕೆಲಸ ನಮ್ಮದೇ.

ಹಬ್ಬಕ್ಕೆ ಊರಿಗೆ ಹೊರಟಿದ್ದೀರಾ? ಅತ್ತೆಗೆ ಸೀರೆ, ಮಾವನಿಗೆ ಬಿ.ಪಿ. ಮಾತ್ರೆ, ನಾದಿನಿ ಮಕ್ಕಳಿಗೆ ಬೇಕರಿ ತಿಂಡಿ... ಎಲ್ಲವನ್ನೂ ನೆನಪಿಟ್ಟು ಬ್ಯಾಗಿಗೆ ತುಂಬಿರುತ್ತೀರಿ. ಅಲ್ಲಿಗೆ ಹೋದ ಮೇಲೂ ಅಷ್ಟೆ. ಮಾವನ ಕನ್ನಡಕ ಸರಿಯಿದೆಯಾ, ಅತ್ತೆಯ ಮಂಡಿನೋವು ಹೇಗಿದೆ, ಮಾಡು ಸೋರುತ್ತಿದೆಯಾ ಅಂತ ವಿಚಾರಿಸುತ್ತೀರಿ. ಆದರೆ ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ಆ ಕೆಂಪು ಸಿಲಿಂಡರನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ಅದರ ಪೈಪು ಯಾವ ಕಾಲದ್ದು ಎಂದು ಕೇಳಿದ್ದೀರಾ?

ಹೆಚ್ಚಿನವರು ನೋಡಿರುವುದಿಲ್ಲ. 'ಗ್ಯಾಸ್ ಬಂತಲ್ಲ, ಅತ್ತೆಗೆ ಹೊಗೆ ತಪ್ಪಿತು' ಎಂದು ಸಮಾಧಾನ ಪಟ್ಟುಕೊಂಡು ಸುಮ್ಮನಾಗಿರುತ್ತೇವೆ. ಹೊಗೆ ತಪ್ಪಿದ್ದು ನಿಜ, ಅದು ದೊಡ್ಡ ಮಾತೇ. ಆದರೆ ಹೊಗೆಯ ಜಾಗಕ್ಕೆ ಹೊಸದೊಂದು ಅಪಾಯ ಬಂದು ಕೂರದಂತೆ ನೋಡಿಕೊಳ್ಳಬೇಕಲ್ಲವೇ?

ಸಿಲಿಂಡರ್ ಬಂತು, ಪಾಠ ಬರಲಿಲ್ಲ

ಒಂದು ಲೆಕ್ಕ ನೋಡಿ. ಕೋಲ್ಕತ್ತದಲ್ಲಿ ಮೊದಲ ಇಂಡೇನ್ ಸಂಪರ್ಕ ಕೊಟ್ಟಿದ್ದು 1965ರಲ್ಲಿ. ಅಲ್ಲಿಂದ ಒಂದೊಂದೇ ನಗರಕ್ಕೆ ಗ್ಯಾಸ್ ಬಂತು. ನಮ್ಮಮ್ಮಂದಿರು ಹೆದರುತ್ತಾ ಹೆದರುತ್ತಾ ಕಲಿತರು, ಅವರನ್ನು ನೋಡಿ ನಾವು ಕಲಿತೆವು. 'ರಾತ್ರಿ ರೆಗ್ಯುಲೇಟರ್ ಆಫ್ ಮಾಡಿದೆಯಾ?' ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದವರು ನಾವು. ಅದು ಎರಡು ಮೂರು ತಲೆಮಾರಿನ ಪಾಠ.

ಹಳ್ಳಿಗಳಲ್ಲಿ ಹಾಗಾಗಲಿಲ್ಲ. ಗ್ರಾಮೀಣ ಭಾಗಕ್ಕೆಂದೇ ಸಣ್ಣ ಏಜೆನ್ಸಿಗಳನ್ನು ತೆರೆಯುವ ರಾಜೀವ್ ಗಾಂಧಿ ಗ್ರಾಮೀಣ ಎಲ್‌ಪಿಜಿ ವಿತರಕ ಯೋಜನೆ ಶುರುವಾಗಿದ್ದೇ 2009ರಲ್ಲಿ. ಬಡ ಕುಟುಂಬದ ಮಹಿಳೆಯ ಹೆಸರಿನಲ್ಲಿ ಸಂಪರ್ಕ ಕೊಡುವ ಉಜ್ವಲಾ ಯೋಜನೆಗೆ ಉತ್ತರ ಪ್ರದೇಶದ ಬಲಿಯಾದಲ್ಲಿ ಚಾಲನೆ ಸಿಕ್ಕಿದ್ದು 2016ರ ಮೇ 1ರಂದು. 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಸಂಪರ್ಕ ಆಗಿಹೋಯಿತು! ಈಗ ಅದು 10 ಕೋಟಿ ದಾಟಿದೆ. ನಮ್ಮ ರಾಜ್ಯದಲ್ಲಿ ಅನಿಲಭಾಗ್ಯ ಯೋಜನೆಯಡಿಯೂ ಸ್ಟೌ, ಸಿಲಿಂಡರ್ ಹಂಚಿದರು. ನಗರಗಳು ಹತ್ತಾರು ವರ್ಷಗಳಲ್ಲಿ ಕಲಿತದ್ದನ್ನು ಹಳ್ಳಿ ಮೂರ್ನಾಲ್ಕು ವರ್ಷಗಳಲ್ಲಿ ಕಲಿಯಬೇಕಾಯಿತು. ಕಲಿಸುವವರು ಯಾರು? ಸಿಲಿಂಡರ್ ಇಳಿಸಿ, ಒಮ್ಮೆ ಹಚ್ಚಿ ತೋರಿಸಿ, ಸಹಿ ಹಾಕಿಸಿಕೊಂಡು ಹೋದರೆ ಪಾಠ ಮುಗಿದಂತಲ್ಲ.

ಹಾಗಂತ 'ಗ್ಯಾಸೇ ಬೇಡ, ಸೌದೆ ಒಲೆಯೇ ವಾಸಿ' ಎಂದು ಮಾತ್ರ ಯಾರೂ ಹೇಳಬೇಡಿ. ಸೌದೆ, ಬೆರಣಿ, ಸೀಮೆಎಣ್ಣೆಯಂಥ ಉರುವಲಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಊರಿನ ಅಜ್ಜಿಯರ ಕೆಮ್ಮು, ಉಬ್ಬಸದ ಹಿಂದೆ ಆ ಒಲೆಯ ಪಾಲೂ ಇದೆ. ಗ್ಯಾಸ್ ಒಳ್ಳೆಯದೇ. ಅದರ ಗುಣ ತಿಳಿದು ಬಳಸಬೇಕು, ಅಷ್ಟೆ.

ಬೆಂಕಿ ಕಾಣುತ್ತದೆ, ಗ್ಯಾಸ್ ಕಾಣುವುದಿಲ್ಲ

ಸೌದೆ ಒಲೆ ಮುಂದೆ ಐವತ್ತು ವರ್ಷ ಕೂತ ಅತ್ತೆಗೆ ಬೆಂಕಿಯ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು. ಕೆಂಡ ಎಲ್ಲಿದೆ, ಕಿಡಿ ಎಲ್ಲಿಗೆ ಹಾರುತ್ತದೆ ಎಂಬುದು ಅವರಿಗೆ ನೀರು ಕುಡಿದಷ್ಟು ಸಲೀಸು. ತೊಂದರೆ ಇರುವುದೂ ಇಲ್ಲಿಯೇ. ಸೌದೆಯ ಅಪಾಯ ಕಣ್ಣಿಗೆ ಕಾಣುತ್ತದೆ. ಗ್ಯಾಸ್‌ನ ಅಪಾಯ ಕಾಣುವುದಿಲ್ಲ.

ಅಡುಗೆ ಅನಿಲಕ್ಕೆ ಬಣ್ಣವಿಲ್ಲ. ಸ್ವಂತ ವಾಸನೆಯೂ ಇಲ್ಲವೆನ್ನಬಹುದು. ನಮಗೆ ಬರುವ ಆ ಕೊಳೆತ ವಾಸನೆ, ಸೋರಿಕೆ ಗೊತ್ತಾಗಲೆಂದೇ ಬೆರೆಸುವ ಮರ್‌ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯಂತೆ ಮೇಲೆ ಹೋಗಿ ಹಂಚಿನ ಸಂದಿಯಿಂದ ಹೊರಗೆ ಹೋಗುವುದಿಲ್ಲ. ನೀರು ಚೆಲ್ಲಿದ ಹಾಗೆ ನೆಲಕ್ಕಿಳಿದು, ನೆಲದ ಮೇಲೇ ಹರಡಿ, ತಗ್ಗಿನಲ್ಲಿ, ಮೂಲೆಯಲ್ಲಿ ನಿಲ್ಲುತ್ತದೆ.

ಈಗ ಹಳ್ಳಿ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಬೆಂಕಿಯೆಲ್ಲ ಇರುವುದು ಎಲ್ಲಿ? ನೆಲದ ಮೇಲೆಯೇ! ಸೌದೆ ಒಲೆ ನೆಲದಲ್ಲಿ, ದೇವರ ದೀಪ ನೆಲದಲ್ಲಿ, ಸೊಳ್ಳೆ ಬತ್ತಿ ನೆಲದಲ್ಲಿ, ಕರೆಂಟ್ ಹೋದರೆ ಹಚ್ಚುವ ಬುಡ್ಡಿ ದೀಪವೂ ನೆಲದಲ್ಲಿ. ಮಲಗುವುದೂ ಚಾಪೆ ಹಾಸಿ ನೆಲದ ಮೇಲೆಯೇ. ಜೊತೆಗೆ ವಯಸ್ಸಾದಂತೆ ಮೂಗಿನ ಶಕ್ತಿಯೂ ಕುಂದುತ್ತದೆ. ಹೊಗೆ, ಗಂಜಲ, ಸಗಣಿಯ ವಾಸನೆಗೆ ಒಗ್ಗಿಹೋದ ಮೂಗಿಗೆ ಸಣ್ಣ ಸೋರಿಕೆ ತಟ್ಟನೆ ಗೊತ್ತಾಗದೇ ಹೋಗಬಹುದು. ಇದನ್ನು ನೀವು ಅತ್ತೆಗೆ ಒಂದೇ ಮಾತಿನಲ್ಲಿ ಹೇಳಬಹುದು: 'ಹೊಗೆ ಮೇಲಕ್ಕೆ ಹೋಗ್ತದೆ, ಗ್ಯಾಸ್ ಕೆಳಗೆ ಕೂತ್ಕೊಳ್ತದೆ.' ಇದೊಂದು ತಿಳಿದರೆ ಉಳಿದ ಎಚ್ಚರಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ಒಲೆ ಮೇಲಿರಲಿ, ಸಿಲಿಂಡರ್ ಕೆಳಗಿರಲಿ

ಮೊದಲು ನೋಡಬೇಕಾದದ್ದು ಸ್ಟೌ ಎಲ್ಲಿದೆ ಎಂದು. ನೆಲದಲ್ಲಿ ಕೂತು ಅಡುಗೆ ಮಾಡಿ ಅಭ್ಯಾಸವಾದವರು ಗ್ಯಾಸ್ ಸ್ಟೌ ಅನ್ನೂ ನೆಲದ ಮೇಲಿಟ್ಟು, ಸಿಲಿಂಡರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿರುತ್ತಾರೆ. ಇದು ತಪ್ಪು. ಸ್ಟೌ ಯಾವತ್ತೂ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು. ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಂತಿರಬೇಕು.

'ಕಟ್ಟೆ ಕಟ್ಟಿಸೋಕೆ ಎಲ್ಲಿ ದುಡ್ಡು?' ಅಂತಾರಾ? ದೊಡ್ಡ ಖರ್ಚೇನೂ ಬೇಡ. ಎರಡು ಕಡೆ ಸಿಮೆಂಟ್ ಇಟ್ಟಿಗೆ ಜೋಡಿಸಿ, ಮೇಲೊಂದು ಕಡಪ ಕಲ್ಲು ಅಲುಗಾಡದಂತೆ ಹಾಕಿಸಿದರೆ ಸಾಕು. 'ನಿಂತು ಅಡುಗೆ ಮಾಡೋಕಾಗಲ್ಲ, ಮಂಡಿ ನೋವು' ಅಂತಾರಾ? ಅದು ನ್ಯಾಯವಾದ ಮಾತು. ಒಂದು ಎತ್ತರದ ಸ್ಟೂಲ್ ಕೊಡಿಸಿ, ಕೂತೇ ಬೇಯಿಸಲಿ. ಈ ಹಬ್ಬಕ್ಕೆ ಸೀರೆ ಬದಲು ಕಡಪ ಕಲ್ಲು, ಸ್ಟೂಲ್ ಉಡುಗೊರೆಯಾದರೆ ತಪ್ಪೇನಿಲ್ಲ!

ಎರಡನೆಯದು, ಸೌದೆ ಒಲೆ. ಮುದ್ದೆ, ರೊಟ್ಟಿ ಸೌದೆ ಒಲೆಯಲ್ಲೇ ರುಚಿ ಎನ್ನುವವರ ಜೊತೆ ವಾದಕ್ಕಿಳಿಯಬೇಡಿ. ಆದರೆ ಗ್ಯಾಸ್ ಇರುವ ಕೋಣೆಯಲ್ಲೇ ಸೌದೆ ಒಲೆ ಉರಿಯುವುದು ಬೇಡ. ಹಿತ್ತಿಲಲ್ಲೋ ಬಚ್ಚಲ ಹಂಡೆ ಒಲೆಯ ಬಳಿಯೋ ಅದಕ್ಕೊಂದು ಜಾಗ ಮಾಡಿ. ದೇವರ ಗೂಡು ಅಡುಗೆಮನೆಯಲ್ಲೇ ಇದ್ದರೆ ಸಿಲಿಂಡರನ್ನು ಆದಷ್ಟು ದೂರದ ಗೋಡೆಗೆ ಸರಿಸಿ.

ಮೂರನೆಯದು, ಗಾಳಿ. ಕಿಟಕಿಯಿಲ್ಲದ ಕತ್ತಲ ಕೋಣೆಯಲ್ಲಿ ಸಿಲಿಂಡರ್ ಬೇಡ. ಮರದ ಪೆಟ್ಟಿಗೆಯೊಳಗೆ, ಮಂಚದ ಕೆಳಗೆ, ಬಾಗಿಲು ಹಾಕಿದ ಕಪಾಟಿನಲ್ಲಿ ಬಚ್ಚಿಡುವುದೂ ಬೇಡ. ಹಾಗೆಯೇ ಬಾಗಿಲಿನಿಂದ ನೇರವಾಗಿ ಗಾಳಿ ಬೀಸುವ ಕಡೆ ಸ್ಟೌ ಇಡಬೇಡಿ. ಗಾಳಿಗೆ ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಹಾಲು ಉಕ್ಕಿ ಉರಿ ಆರಿದಾಗಲೂ ಅದೇ ಕಥೆ. ಹಾಲು ಕಾಯಲು ಇಟ್ಟು ಕೊಟ್ಟಿಗೆ ಕಡೆ ಹೋಗುವ ಅಭ್ಯಾಸ ಬಿಡಿಸಿ.

ಪೈಪಿನ ವಯಸ್ಸು ಕೇಳಿ

ಇನ್ನು ಸ್ವಲ್ಪ ಬಗ್ಗಿ ಪೈಪು ನೋಡಿ. ಒಳಗೆ ಉಕ್ಕಿನ ತಂತಿಯಿರುವ ಕಿತ್ತಳೆ ಬಣ್ಣದ 'ಸುರಕ್ಷಾ' ಪೈಪ್ ಆಗಿರಬೇಕು. ಅದರ ಆಯಸ್ಸು ಐದು ವರ್ಷ. ಯಾವಾಗ ತಯಾರಾದದ್ದು ಎಂಬುದು ಪೈಪಿನ ಮೇಲೆಯೇ ಮುದ್ರಿತವಾಗಿರುತ್ತದೆ. ಕೊಟ್ಟಾಗಿನಿಂದ ಬದಲಾಯಿಸಿಯೇ ಇಲ್ಲವೆಂದಾದರೆ, ಉಜ್ವಲಾದ ಮೊದಲ ವರ್ಷಗಳಲ್ಲಿ ಬಂದ ಪೈಪುಗಳ ಅವಧಿ ಯಾವತ್ತೋ ಮುಗಿದಿದೆ. ಮಗ ಪೇಟೆಯಿಂದ ತಂದ ಹಸಿರು ನೀರಿನ ಪೈಪ್ ಹಾಕಿದ್ದರಂತೂ ಆ ಕ್ಷಣವೇ ತೆಗೆಸಿ.

ಹಳ್ಳಿ ಮನೆಯಲ್ಲಿ ಪೈಪಿಗೆ ಇನ್ನೊಬ್ಬ ಶತ್ರು ಇದ್ದಾನೆ, ಇಲಿ! ಜೋಳ, ಭತ್ತದ ಚೀಲ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಪೈಪನ್ನು ಬೆರಳಿನಿಂದ ಸವರುತ್ತಾ ಹಲ್ಲಿನ ಗುರುತು, ಬಿರುಕು ಇದೆಯಾ ನೋಡಿ. ಚೆನ್ನಾಗಿ ಕಾಣಲೆಂದು ಪೈಪಿಗೆ ಬಟ್ಟೆ ಸುತ್ತಬಾರದು. ಬಿರುಕು ಬಿಟ್ಟರೂ ಗೊತ್ತಾಗುವುದಿಲ್ಲ. ಎರಡು ತುಂಡು ಪೈಪ್ ಸೇರಿಸಿ ಉದ್ದ ಮಾಡುವುದೂ ಬೇಡ. ಉದ್ದ ಒಂದೂವರೆ ಮೀಟರ್ ಮೀರದಿರಲಿ.

ಸೋರಿಕೆ ಇದೆಯಾ ಎಂದು ನೋಡುವುದಕ್ಕೆ ಬೆಂಕಿಕಡ್ಡಿ ಗೀರುವವರು ಇಂದಿಗೂ ಇದ್ದಾರೆ. ದಯವಿಟ್ಟು ಬೇಡ. ಸೋಪಿನ ನೀರು ಮಾಡಿ, ರೆಗ್ಯುಲೇಟರ್, ಪೈಪಿನ ಎರಡೂ ತುದಿಗೆ ಸವರಿ. ಗುಳ್ಳೆ ಬಂದರೆ ಸೋರಿಕೆ ಇದೆ ಎಂದರ್ಥ. ಮೊಮ್ಮಕ್ಕಳಿಗೆ ಒಮ್ಮೆ ತೋರಿಸಿಕೊಡಿ. ಅಜ್ಜಿ ಮರೆತರೂ ಅವರು ಮರೆಯೋದಿಲ್ಲ.

ಮತ್ತೊಂದು ಹಳೆಯ ಅಭ್ಯಾಸ. ಗುಂಡಿ ತಿರುಗಿಸಿ ಆಮೇಲೆ ಬೆಂಕಿಪೊಟ್ಟಣ ಹುಡುಕುವುದು! ಕಡ್ಡಿ ಗೀರಿದ ಮೇಲೆ ಗುಂಡಿ ತಿರುಗಿಸಬೇಕು, ಮೊದಲು ಅಲ್ಲ. ಕೆಲಸ ಮುಗಿದ ಮೇಲೆ ಸ್ಟೌ ಗುಂಡಿ ಮಾತ್ರವಲ್ಲ, ರೆಗ್ಯುಲೇಟರ್ ಕೂಡ ಆಫ್ ಆಗಬೇಕು. ಮಲಗುವ ಮುನ್ನ, ಹೊಲಕ್ಕೆ ಹೋಗುವ ಮುನ್ನ ತಪ್ಪದೇ.

ಗ್ಯಾಸ್ ಮುಗಿಯುತ್ತಾ ಬಂದಾಗ 'ಇನ್ನೆರಡು ದಿನ ಬರಲಿ' ಎಂದು ಸಿಲಿಂಡರನ್ನು ಮಲಗಿಸುವವರಿದ್ದಾರೆ, ಬಿಸಿನೀರಿನಲ್ಲಿ ಇಡುವವರೂ ಇದ್ದಾರೆ. ಮಲಗಿಸಿದರೆ ಒಳಗಿನ ದ್ರವವೇ ಪೈಪಿಗೆ ನುಗ್ಗಿ ಉರಿ ಒಮ್ಮೆಲೇ ಭುಗಿಲೇಳಬಹುದು. ಎರಡು ದಿನದ ಉಳಿತಾಯಕ್ಕೆ ಅಷ್ಟು ದೊಡ್ಡ ಬೆಲೆ ಬೇಕೇ?

ಸಿಲಿಂಡರ್ ಮನೆ ಸೇರುವ ದಾರಿ

ನಮಗೇನೋ ಬುಕ್ ಮಾಡಿದರೆ ಬಾಗಿಲಿಗೇ ಬರುತ್ತದೆ. ಹಳ್ಳಿಯಲ್ಲಿ ಹಾಗಿರುವುದಿಲ್ಲ. ಕೆಲವು ಕಡೆ ವಾರಕ್ಕೊಮ್ಮೆ ಗ್ಯಾಸ್ ಗಾಡಿ ಬಂದು ಅರಳಿಕಟ್ಟೆ ಹತ್ತಿರ ನಿಂತು ಹಾರ್ನ್ ಹೊಡೆಯುತ್ತದೆ. ಅಲ್ಲಿಂದ ಮನೆಯವರೆಗೆ ಸಿಲಿಂಡರ್ ಉರುಳಿಸಿಕೊಂಡೇ ಹೋಗುತ್ತಾರೆ. ಕೆಲವು ಕಡೆ ಗಾಡಿಯೂ ಇಲ್ಲ. ಬೈಕಿನ ಹಿಂದೆ ಅಡ್ಡ ಕಟ್ಟಿಕೊಂಡೋ, ಜನ ತುಂಬಿದ ಆಟೊದಲ್ಲಿ ಕಾಲ ಕೆಳಗೆ ಇಟ್ಟುಕೊಂಡೋ ತರುತ್ತಾರೆ. ಅಪಾಯ ಶುರುವಾಗುವುದೇ ಇಲ್ಲಿಂದ.

ತುಂಬಿದ ಸಿಲಿಂಡರ್ ಎಂದರೆ ಸುಮಾರು ಮೂವತ್ತು ಕೆ.ಜಿ. ಭಾರ. ಉರುಳಿಸಿದರೆ, ಮೇಲಿನಿಂದ ಧೊಪ್ಪನೆ ಹಾಕಿದರೆ ಬಾಯಿಯ ವಾಲ್ವ್‌ಗೆ ಪೆಟ್ಟು ಬೀಳುತ್ತದೆ. ತರುವಾಗ ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬಾಯಿಗೆ ಬಿಳಿ ಮುಚ್ಚಳ ಹಾಕಿರಬೇಕು. ದಾರದಲ್ಲಿ ನೇತಾಡುವ ಆ ಮುಚ್ಚಳವನ್ನು ಮಕ್ಕಳಾಟಕ್ಕೆ ಕೊಡಬಾರದು. ಸೋರುವಾಗ ಸಿಲಿಂಡರ್ ಬಾಯಿ ಮುಚ್ಚಲು ಬೇಕಾಗುವುದು ಅದೇ.

ಸಿಲಿಂಡರ್ ಇಳಿಸಿಕೊಳ್ಳುವಾಗ ಅತ್ತೆ ಅಥವಾ ಊರಲ್ಲಿರುವ ತಮ್ಮ, ಮೈದುನ ಯಾರಾದರೂ ಈ ನಾಲ್ಕು ವಿಷಯ ನೋಡುವಂತೆ ಹೇಳಿಕೊಡಿ.

• ಸೀಲ್: ಕಂಪನಿಯ ಸೀಲ್ ಒಡೆದಿರಬಾರದು.

• ತೂಕ: ಮನೆ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಅನಿಲ ಇರಬೇಕು. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿದಷ್ಟು ತೂಗಬೇಕು. 'ತೂಗಿ ತೋರಿಸಪ್ಪಾ' ಎಂದು ಕೇಳುವುದು ಗ್ರಾಹಕರ ಹಕ್ಕು. ಸಂಕೋಚ ಬೇಡ.

• ತಾರೀಖು: ಹಿಡಿಕೆಯ ಕೆಳಗಿನ ಲೋಹದ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಇಂಗ್ಲಿಷ್ ಅಕ್ಷರ, ಜೊತೆಗೆ ವರ್ಷ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. 'ಬಿ-30' ಎಂದಿದ್ದರೆ 2030ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು ಎಂದರ್ಥ. ಅವಧಿ ಮೀರಿದ್ದನ್ನು ತೆಗೆದುಕೊಳ್ಳಬೇಡಿ.

• ವಾಷರ್: ಮುಚ್ಚಳ ತೆಗೆದು ವಾಲ್ವ್ ಒಳಗಿನ ಕಪ್ಪು ರಬ್ಬರ್ ಉಂಗುರ ಇದೆಯಾ, ಸೋರುತ್ತಿದೆಯಾ ಎಂದು ತಂದವರೇ ಪರೀಕ್ಷಿಸಿ ಕೊಡಬೇಕು. ಮೊಳೆ, ಚಾಕು ಹಾಕಿ ನಾವೇ ಕೆದಕುವುದು ಬೇಡ.

ಇನ್ನೊಂದು ಮಾತು. ಏಜೆನ್ಸಿಯ ಗೋಡೌನಿನಿಂದ ಗ್ರಾಹಕರೇ ಹೊತ್ತು ತಂದರೆ ಸಾಗಣೆಯ ಹಣ ಕಡಿತ ಮಾಡಿಯೇ ಬಿಲ್ ಹಾಕಬೇಕು. ಇದು ಹಳ್ಳಿಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ರಸೀದಿ ಕೇಳಿ ಪಡೆಯಲಿ.

ಸೀಲಿಲ್ಲದೆ, ರಸೀದಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಸಿಲಿಂಡರ್, ದೊಡ್ಡದರಿಂದ ಚಿಕ್ಕದಕ್ಕೆ ಪೈಪ್ ಹಾಕಿ ತುಂಬಿಕೊಡುವ ಗ್ಯಾಸ್ ಇವೆರಡರ ಹತ್ತಿರವೂ ಸುಳಿಯಬೇಡಿ. ಹಾಗೆ ತುಂಬಿಕೊಡುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ನಿಮ್ಮ ಮನೆಗೆಲಸಕ್ಕೆ ಬರುವಾಕೆ ಊರು ಬಿಟ್ಟು ಬಂದು ಒಂದೇ ಕೋಣೆಯ ಶೆಡ್ಡಿನಲ್ಲಿದ್ದರೆ ಆಕೆಯನ್ನೂ ವಿಚಾರಿಸಿ. ವಿಳಾಸದ ದಾಖಲೆ ಇಲ್ಲದವರಿಗೂ ಗುರುತಿನ ಚೀಟಿ ತೋರಿಸಿದರೆ 5 ಕೆ.ಜಿ.ಯ ಅಧಿಕೃತ ಸಿಲಿಂಡರ್ ಸಿಗುತ್ತದೆ. ಇಂಡಿಯನ್ ಆಯಿಲ್‌ನ ಅಂಥ ಸಿಲಿಂಡರ್‌ಗೆ 'ಛೋಟು' ಎಂದೇ ಹೆಸರು.

ನಮ್ಮ ಸಿಲಿಂಡರ್ ಊರಿಗೆ ಕಳಿಸೋಣವೇ?

ಇದು ನಮ್ಮ ನಿಮ್ಮೆಲ್ಲರ ಮನೆಯ ಪ್ರಶ್ನೆ. 'ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂತು, ಎರಡು ಸಿಲಿಂಡರ್ ಸುಮ್ಮನೆ ಕೂತಿದೆ. ಕಾರಿನ ಡಿಕ್ಕಿಯಲ್ಲಿ ಹಾಕಿ ಊರಿಗೆ ಕೊಟ್ಟು ಬರೋಣ' ಎಂದು ಎಷ್ಟು ಜನ ಲೆಕ್ಕ ಹಾಕಿಲ್ಲ?

ಬೇಡ. ಬಿಸಿಲಿನಲ್ಲಿ ಕಾದ, ಗಾಳಿಯಾಡದ ಡಿಕ್ಕಿಯಲ್ಲಿ ಸಿಲಿಂಡರ್ ಅಡ್ಡ ಮಲಗಿಸಿಕೊಂಡು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ಯೋಚಿಸಿದರೇ ಭಯವಾಗುತ್ತದೆ. ರೈಲಿನಲ್ಲಿ ಒಯ್ಯುವುದಂತೂ ಕಾನೂನಿನ ಪ್ರಕಾರ ಅಪರಾಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು, ಲಖನೌ ಕಡೆಯಿಂದ ಬಂದಿದ್ದ ಯಾತ್ರಿಕರಲ್ಲಿ ಒಂಬತ್ತು ಜನ ಸತ್ತಿದ್ದು ನೆನಪಿದೆಯೇ? ಕದ್ದುಮುಚ್ಚಿ ಒಯ್ದಿದ್ದ ಅಡುಗೆ ಅನಿಲದ ಸಿಲಿಂಡರ್ ಅದಕ್ಕೆ ಕಾರಣವೆಂದು ರೈಲ್ವೆ ಇಲಾಖೆ ಹೇಳಿತು.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಅಧಿಕೃತ ಸಂಪರ್ಕ ಇರುವ ಪ್ರತಿಯೊಂದು ಮನೆಗೂ ತೈಲ ಕಂಪನಿಗಳ ವಿಮೆ ಇದೆ. ನಾವು ಬೇರೆ ಪ್ರೀಮಿಯಂ ಕಟ್ಟಬೇಕಿಲ್ಲ. ಗ್ಯಾಸ್‌ನಿಂದ ಅವಘಡವಾಗಿ ಜೀವ ಹೋದರೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ ಪರಿಹಾರದ ಅವಕಾಶವಿದೆ. ಆದರೆ ಆಸ್ತಿ ನಷ್ಟದ ಪರಿಹಾರ ಸಿಗುವುದು ಏಜೆನ್ಸಿಯಲ್ಲಿ ನೋಂದಾಯಿಸಿದ ವಿಳಾಸದಲ್ಲಿ ಅವಘಡ ಆದರೆ ಮಾತ್ರ. ನಿಮ್ಮ ಜಯನಗರದ ವಿಳಾಸದ ಸಿಲಿಂಡರ್ ಊರಿನ ಹೆಂಚಿನ ಮನೆಯಲ್ಲಿ ಸಿಡಿದರೆ? ಮನೆಯೂ ಹೋಯಿತು, ಪರಿಹಾರವೂ ಹೋಯಿತು.

ಹಾಗಾದರೆ ದಾರಿ ಏನು? ಇಲ್ಲಿಯ ಸಿಲಿಂಡರ್ ಏಜೆನ್ಸಿಗೆ ಮರಳಿಸಿ, ಠೇವಣಿ ಹಣ ವಾಪಸ್ ಪಡೆಯಿರಿ. ಊರಲ್ಲಿ ಅತ್ತೆ ಅಥವಾ ಅಮ್ಮನ ಹೆಸರಿನಲ್ಲೇ ಅಲ್ಲಿನ ಏಜೆನ್ಸಿಯಿಂದ ಸಂಪರ್ಕ ಕೊಡಿಸಿ. ಹಳೆಯ ಸ್ಟೌ ಕೊಡುವುದಿದ್ದರೆ ಐ.ಎಸ್.ಐ. ಗುರುತಿದೆಯೇ ನೋಡಿ, ಮೆಕ್ಯಾನಿಕ್ ಹತ್ತಿರ ಬರ್ನರ್, ಗುಂಡಿ ಎಲ್ಲ ಸರಿ ಮಾಡಿಸಿಯೇ ಕೊಡಿ. ನಮಗೆ ಬೇಡವಾಗಿದ್ದು ಅವರಿಗೆ ಅಪಾಯವಾಗಬಾರದು. ಐದು ವರ್ಷಕ್ಕೊಮ್ಮೆ ಏಜೆನ್ಸಿಯವರು ಮನೆಗೆ ಬಂದು ಮಾಡುವ ಕಡ್ಡಾಯ ತಪಾಸಣೆ ಆಗಿದೆಯೇ ಎಂದೂ ಕೇಳಿ. 'ದುಡ್ಡು ಕೇಳ್ತಾರೆ' ಎಂದು ಬಾಗಿಲಿಂದಲೇ ವಾಪಸ್ ಕಳಿಸುವುದು ಬೇಡ.

ಮದುವೆ, ಮಾಲೆ, ಜಾತ್ರೆ...

ಊರಿಗೆ ನಾವು ಹೋಗುವುದೇ ಹೆಚ್ಚಾಗಿ ಇಂಥ ಸಮಯದಲ್ಲಿ. ಮನೆ ತುಂಬ ಜನ, ಐದಾರು ಸಿಲಿಂಡರ್, ಯಾರ ಕಣ್ಣೂ ಯಾವುದರ ಮೇಲೂ ಇಲ್ಲ. ರಾಜಸ್ಥಾನದ ಜೋಧಪುರ ಜಿಲ್ಲೆಯ ಭುಂಗ್ರಾ ಎಂಬ ಹಳ್ಳಿಯಲ್ಲಿ 2022ರ ಡಿಸೆಂಬರ್ 8ರಂದು ದಿಬ್ಬಣ ಹೊರಡಬೇಕಿದ್ದ ಮದುವೆ ಮನೆಯಲ್ಲಿ ಸಿಲಿಂಡರ್ ಸೋರಿ ಹೊತ್ತಿಕೊಂಡ ಬೆಂಕಿಗೆ ಮೂವತ್ತಕ್ಕೂ ಹೆಚ್ಚು ಜನ ಬಲಿಯಾದರು. ನಮ್ಮ ಹುಬ್ಬಳ್ಳಿಯಲ್ಲೂ 2024ರ ಡಿಸೆಂಬರ್‌ನಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ರಾತ್ರಿ ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡಿತು. ಸುಟ್ಟ ಗಾಯಗಳಿಂದ ಒಬ್ಬೊಬ್ಬರಾಗಿ ಎಂಟು ಮಂದಿ ಕಣ್ಮುಚ್ಚಿದರು.

ಎರಡೂ ಕಡೆ ನಮಗಿರುವ ಪಾಠ ಒಂದೇ. ಜನ ಸೇರುವ, ಮಲಗುವ ಕೋಣೆಯಲ್ಲಿ ಸಿಲಿಂಡರ್ ಇರಬಾರದು. ಸಮಾರಂಭದ ಅಡುಗೆ ಹೊರಗೆ ಬಯಲಿನಲ್ಲೋ ಗಾಳಿಯಾಡುವ ಚಪ್ಪರದಲ್ಲೋ ಆಗಲಿ. ಬಳಸದ ಸಿಲಿಂಡರ್‌ಗಳು ಒಲೆಯಿಂದ ದೂರದಲ್ಲಿ, ನೆಟ್ಟಗೆ, ಮುಚ್ಚಳ ಹಾಕಿ ಇರಲಿ. ಸಮಾರಂಭಕ್ಕೆ ಮನೆ ಸಿಲಿಂಡರ್ ಬೇಡ, ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರನ್ನೇ ರಸೀದಿ ಸಮೇತ ತರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎಲ್ಲವನ್ನೂ ಆಫ್ ಮಾಡುವ ಜವಾಬ್ದಾರಿಯನ್ನು ಒಬ್ಬರಿಗೆ ಹೆಸರು ಹೇಳಿ ವಹಿಸಿ. 'ಯಾರಾದ್ರೂ ಮಾಡಿರ್ತಾರೆ' ಎಂದರೆ ಯಾರೂ ಮಾಡಿರುವುದಿಲ್ಲ.

ವಾಸನೆ ಬಂದರೆ ಏನು ಮಾಡಬೇಕು?

ಇದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಊರಿನ ಅಡುಗೆಮನೆ ಗೋಡೆಗೆ ಅಂಟಿಸಿ ಬನ್ನಿ.

1. ಮೊದಲು ಉರಿಯುವ ಒಲೆ, ದೀಪ, ಊದುಬತ್ತಿ ಆರಿಸಿ. ಆದರೆ ಗ್ಯಾಸ್ ವಾಸನೆ ಜೋರಾಗಿದ್ದರೆ ಅದಕ್ಕೂ ನಿಲ್ಲದೆ ಎಲ್ಲರೂ ಹೊರಗೆ ಬನ್ನಿ.

2. ಲೈಟು, ಫ್ಯಾನಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಸ್ವಿಚ್ಚಿನ ಸಣ್ಣ ಕಿಡಿಯೇ ಸಾಕು. ಕರೆಂಟ್ ಇಲ್ಲವೆಂದು ಬುಡ್ಡಿ ದೀಪ ಹಚ್ಚಿಕೊಂಡು ನೋಡಲು ಹೋಗಲೇಬೇಡಿ.

3. ಸ್ಟೌ ಗುಂಡಿ, ರೆಗ್ಯುಲೇಟರ್ ಆಫ್ ಮಾಡಿ. ಆಮೇಲೂ ಸೋರುತ್ತಿದ್ದರೆ, ಕೈಗೆ ನಿಲುಕುವಂತಿದ್ದರೆ, ರೆಗ್ಯುಲೇಟರ್ ಕಳಚಿ ಬಿಳಿ ಮುಚ್ಚಳ ಒತ್ತಿ ಹಾಕಿ, ಸಿಲಿಂಡರನ್ನು ಬಯಲಿಗೆ ಸಾಗಿಸಿ.

4. ಬಾಗಿಲು, ಕಿಟಕಿ ಪೂರ್ತಿ ತೆರೆಯಿರಿ. ನೆಲದಲ್ಲಿ ಕೂತ ಗ್ಯಾಸ್ ಹೊರಹೋಗಬೇಕಾದರೆ ಬಾಗಿಲು ತೆರೆದಿರಲೇಬೇಕು, ಕಿಟಕಿಯೊಂದೇ ಸಾಲದು.

5. ಮನೆಯಿಂದ ದೂರ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆ ದೂರಿಗೆಂದೇ ಇರುವ, ದಿನದ 24 ಗಂಟೆಯೂ ಕೆಲಸ ಮಾಡುವ ಸಂಖ್ಯೆ ಇದು. ಬೆಂಕಿ ಹೊತ್ತಿದ್ದರೆ 112 ಅಥವಾ 101.

ಮೈಗೆ ಬೆಂಕಿ ತಗುಲಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ಇಲ್ಲವೇ ದಪ್ಪ ಕಂಬಳಿ ಸುತ್ತಿ ಆರಿಸಬೇಕು. ಸುಟ್ಟ ಜಾಗಕ್ಕೆ ತಣ್ಣನೆಯ ನೀರನ್ನು ಇಪ್ಪತ್ತು ನಿಮಿಷ ಬಿಡದೆ ಹರಿಸಿ. ಶಾಯಿ, ಪೇಸ್ಟು, ಬೆಣ್ಣೆ, ದೋಸೆ ಹಿಟ್ಟು ಯಾವುದೂ ಬೇಡ. ಮೈಗಂಟಿದ ಬಟ್ಟೆ ಕೀಳದೆ, ಸ್ವಚ್ಛವಾದ ಹತ್ತಿ ಬಟ್ಟೆ ಹೊದಿಸಿ, 108 ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಡುಗೆ ಮಾಡುವಾಗ ನೈಲಾನ್ ಸೀರೆ, ನೈಲಾನ್ ನೈಟಿ ಬದಲು ಹತ್ತಿಯದನ್ನು ಉಡುವಂತೆ ಹೇಳಿ. ಅವಘಡವಾದರೆ ತಡಮಾಡದೆ ಏಜೆನ್ಸಿಗೆ ಬರೆದು ತಿಳಿಸಬೇಕು. ವಿಮೆಯ ಹಣಕ್ಕೆ ಅದೇ ಮೊದಲ ಮೆಟ್ಟಿಲು. ಹಾಗಾಗಿ ಗ್ಯಾಸ್ ಪುಸ್ತಕ, ರಸೀದಿ ಒಂದೇ ಕಡೆ ಭದ್ರವಾಗಿರಲಿ.

ಹೇಳುವ ಬಗೆಯೂ ಮುಖ್ಯ

ಎಲ್ಲ ಸರಿ, ಅತ್ತೆಗೆ ಹೇಳುವುದು ಹೇಗೆ? 'ಸಿಟಿಯಿಂದ ಬಂದು ನನಗೆ ಒಲೆ ಹಚ್ಚೋದು ಕಲಿಸ್ತಾಳೆ' ಅನಿಸಿಬಿಟ್ಟರೆ ನಿಮ್ಮ ಮಾತೂ ಹೋಯಿತು, ಹಬ್ಬದ ಸಂತೋಷವೂ ಹೋಯಿತು! ತಪ್ಪು ಹುಡುಕುವಂತೆ ಹೋಗಬೇಡಿ. 'ಅತ್ತೆ, ನಮ್ಮನೇಲಿ ಪೈಪ್ ಬದಲಾಯಿಸಿದ್ವಿ, ಇಲ್ಲಿಗೂ ಒಂದು ತರಿಸಿಬಿಡೋಣ' ಎಂದು ಶುರುಮಾಡಿ. ಅಡುಗೆಗೆ ಜೊತೆಯಲ್ಲಿ ನಿಂತು, ನೀವೇ ನಾಲ್ಕು ದಿನ ರೆಗ್ಯುಲೇಟರ್ ಆಫ್ ಮಾಡಿ ತೋರಿಸಿ. ನೋಡಿ ಕಲಿತದ್ದು ನಿಲ್ಲುತ್ತದೆ.

ಅವರ ಕಷ್ಟವನ್ನೂ ಅರ್ಥ ಮಾಡಿಕೊಳ್ಳಿ. ಉಜ್ವಲಾ ಮನೆಗಳಲ್ಲಿ ಸರಾಸರಿ ಬಳಕೆ 2019-20ರಲ್ಲಿ ವರ್ಷಕ್ಕೆ ಮೂರು ಸಿಲಿಂಡರ್ ಮಾತ್ರ ಇತ್ತು. 2024-25ರಲ್ಲಿ ನಾಲ್ಕೂವರೆಯಷ್ಟಾಯಿತು. ನಮ್ಮ ಮನೆಯಲ್ಲಿ ತಿಂಗಳು, ಒಂದೂವರೆ ತಿಂಗಳಿಗೊಂದು ಮುಗಿಯುತ್ತದೆ, ಅಲ್ಲವೇ? ಒಮ್ಮೆಗೇ ಅಷ್ಟು ಹಣ ಹೊಂದಿಸಲಾಗದೆ ಸಿಲಿಂಡರ್ ಮಲಗಿಸುವುದು, ಹಳೇ ಪೈಪಿನಲ್ಲೇ ದಿನ ತಳ್ಳುವುದು ಎಲ್ಲ ನಡೆಯುತ್ತದೆ. ಅದು ಅಜ್ಞಾನವಲ್ಲ, ಅನಿವಾರ್ಯ. ಅಂಥವರಿಗೆ 14.2 ಕೆ.ಜಿ. ಬದಲು 5 ಕೆ.ಜಿ. ಸಿಲಿಂಡರ್ ಪಡೆಯುವ ಅವಕಾಶವೂ ಉಜ್ವಲಾದಲ್ಲಿದೆ. ಒಮ್ಮೆಗೆ ಕಡಿಮೆ ಹಣ ಸಾಕು, ಎತ್ತಿಡುವುದೂ ಹಗುರ. ಒಂಟಿಯಾಗಿರುವ ವಯಸ್ಸಾದವರಿಗೆ ಇದು ಅನುಕೂಲ.

ಒಂದು ಪೈಪಿನ ಬೆಲೆ ನಮ್ಮ ಒಂದು ಹೊತ್ತಿನ ಹೋಟೆಲ್ ಬಿಲ್ಲಿಗಿಂತ ಕಡಿಮೆಯೇ. ಊರಿಂದ ಬರುವಾಗ ಅವರು ನಮಗೆ ಕಾಯಿ, ಅಕ್ಕಿ, ಉಪ್ಪಿನಕಾಯಿ ಎಂದು ಕೈತುಂಬ ಕಟ್ಟಿಕೊಡುತ್ತಾರೆ. ಈ ಸಲ ಹೋಗುವಾಗ ನಾವು ಒಂದು ಹೊಸ ಪೈಪು, 1906 ಎಂದು ಬರೆದ ಒಂದು ಹಾಳೆ, ಜೊತೆಗೆ ಸ್ವಲ್ಪ ತಾಳ್ಮೆ ಒಯ್ಯೋಣ. ಏನಂತೀರಿ?